ಏಳು ಪೌಂಡಿನ ಗುರುಸಿದ್ದಣ್ಣ

ಗುರುಸಿದ್ದಣ್ಣ ಎಂಜಿನ್ನಿನ ಸದ್ದನ್ನು ಹಲ್ಲಿನಿಂದ ಕೇಳುತ್ತಿದ್ದರು. ಓಡುತ್ತಿರುವ ಎಂಜಿನ್ನಿಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಒತ್ತಿ, ಅದರ ಮರದ ಹಿಡಿಯನ್ನು ಕಚ್ಚಿಕೊಂಡು, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಹಡಗುಕಟ್ಟೆಯಲ್ಲಿ ಬೋಟುಗಳ ಡೀಸೆಲ್ ಎಂಜಿನ್ ರಿಪೇರಿ ಮಾಡಿ ಮಾಡಿ ಅವರ ಎರಡೂ ಕಿವಿ ಮಂದವಾಗಿದ್ದವು. ಆದರೆ ಯಾವ ಸಿಲಿಂಡರಿನ ಯಾವ ವಾಲ್ವ್ ಸಡಿಲವಾಗಿದೆ ಎಂಬುದು ಹಲ್ಲಿಗೆ ತಿಳಿಯುತ್ತಿತ್ತು. ಬಾಯಿಂದ ಹಿಡಿ ತೆಗೆದು, "ಮೂರನೇದು" ಎಂದರೆ ಮೂರನೆಯದೇ.

ಸಾಂತಾಕ್ರೂಜ್ ಸ್ಟೇಷನ್ನಿನ ಪೂರ್ವಕ್ಕೆ, ಒಂದು ಚಾಳಿನ ಗೋಡೆಗೆ ತಗಡು ಇಳಿಸಿ ಮಾಡಿದ ಗ್ಯಾರೇಜು ಅವರದು. ಗೋಕಾಕದ ಕಡೆಯವರು. ನಾನು ಧಾರವಾಡದವನು, ಅಂಧೇರಿಯ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್. ಎಪ್ಪತ್ತರ ದಶಕದ ನಡುವಿನ ಮಾತು. ಮದುವೆಯಾಗಿ ಒಂದು ವರ್ಷವಾಗಿತ್ತು, ಕೈಯಲ್ಲಿ ಒಂದು ಹಳೆಯ ಫಿಯಟ್ ಇತ್ತು, ತಲೆಯಲ್ಲಿ ರೇಸಿನ ಹುಚ್ಚು. ಜುಹೂನ ವಿಮಾನ ಇಳಿಯುವ ಪಟ್ಟಿಯ ಮೇಲೆ ಆಗೀಗ ಭಾನುವಾರ ಕಾರಿನ ರೇಸ್ ನಡೆಯುತ್ತಿತ್ತು. ನಾನು ಪ್ರತಿಸಲವೂ ಕೊನೆಯಿಂದ ಎರಡನೆಯವನೋ ಮೂರನೆಯವನೋ ಆಗಿ ಮನೆಗೆ ಬರುತ್ತಿದ್ದೆ.

"ನಿನ್ನ ಗಾಡಿಗೆ ಟರ್ಬೊ ಹಾಕೂಣು" ಎಂದವರು ಗುರುಸಿದ್ದಣ್ಣನೇ. ಹಳೆಯ ಹಡಗು ಒಡೆಯುವ ದಾರೂಖಾನಾದ ಗುಜರಿಯಲ್ಲಿ ಯಾವುದೋ ಸಣ್ಣ ಡೀಸೆಲ್ ಎಂಜಿನ್ನಿನಿಂದ ಕಳಚಿದ ಒಂದು ಟರ್ಬೊ ಅವರಿಗೆ ಸಿಕ್ಕಿತ್ತು. ಎಂಜಿನ್ ಹೊರಬಿಡುವ ಹೊಗೆಯ ರಭಸಕ್ಕೆ ಅದರ ಒಂದು ಚಕ್ರ ತಿರುಗುತ್ತದೆ. ಅದೇ ದಂಡಕ್ಕೆ ಕೂತ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿನೊಳಗೆ ತುರುಕುತ್ತದೆ. ಗಾಳಿ ಹೆಚ್ಚಿದಷ್ಟೂ ಪೆಟ್ರೋಲು ಹೆಚ್ಚು ಉರಿದು ಬಲ ಬರುತ್ತದೆ. ಬಲ ಎಷ್ಟು ಬರುತ್ತದೋ ಅಷ್ಟೇ ಕಾವೂ ಏರುತ್ತದೆ.

ನಾಲ್ಕು ತಿಂಗಳು ಅವರು ಆ ಫಿಯಟ್ಟಿನೊಳಗೇ ಬದುಕಿದರು. ಪೈಪುಗಳನ್ನು ತಾವೇ ಬಗ್ಗಿಸಿ ಬೆಸೆದರು. ಒತ್ತಡ ಮಿತಿ ಮೀರಿದರೆ ಗಾಳಿ ತಾನಾಗಿ ಹೊರಹೋಗಲೆಂದು ಸ್ಪ್ರಿಂಗ್ ಹಾಕಿದ ಒಂದು ವಾಲ್ವ್ ಕೂರಿಸಿ, ಅದರ ಸ್ಕ್ರೂವನ್ನು ಏಳು ಪೌಂಡಿಗೆ ಬಿಗಿದು, ಯಾರೂ ತಿರುಗಿಸಬಾರದೆಂದು ಮೇಲೆ ಕೆಂಪು ಬಣ್ಣ ಹಚ್ಚಿದರು. ಒತ್ತಡ ತೋರಿಸುವ ಮೀಟರನ್ನು ತಮ್ಮ ಸೀಟಿನ ಮುಂದೆ ಕೂರಿಸಿಕೊಂಡರು. ನನ್ನ ಮುಂದೆ ಅಲ್ಲ.

"ನೀ ರಸ್ತೆ ನೋಡು. ಮುಳ್ಳ ನಾ ನೋಡ್ತೀನಿ."

ಘೋಡಬಂದರ್ ರಸ್ತೆಯಲ್ಲಿ ಬೆಳಗಿನ ಹೊತ್ತು ಪರೀಕ್ಷೆ. ಅವರು ಪಕ್ಕದಲ್ಲಿ ಕೂತು ಎಣಿಸುತ್ತಿದ್ದರು. "ನಾಕು... ಐದು... ಆರೂವರಿ..." ಟರ್ಬೊದ ಸಿಳ್ಳು ಏರುತ್ತ ಹೋದಂತೆ ನನ್ನ ಬೆನ್ನು ಸೀಟಿಗೆ ಅಂಟುತ್ತಿತ್ತು. ಏಳು ಎಂದಕೂಡಲೇ "ಬಿಡು" ಎನ್ನುತ್ತಿದ್ದರು. ನಾನು ಕಾಲು ತೆಗೆಯಬೇಕು. ಒಂದು ಕ್ಷಣ ತಡವಾದರೂ ಆ ದಿನದ ಪರೀಕ್ಷೆ ಮುಗಿಯಿತು, ಮಾತಿಲ್ಲದೆ ವಾಪಸ್ಸು.

"ಇನ್ನ ಎರಡ ಪೌಂಡ್ ಏರಿಸಿದ್ರ ಏನಾಗತೈತ್ರಿ?" ಎಂದು ಒಮ್ಮೆ ಕೇಳಿದೆ.

ಅವರು ಕೈ ಒರೆಸಿಕೊಂಡು ನನ್ನನ್ನು ನೋಡಿದರು. "ಪೆಟ್ರೋಲ್ ಕಿಡಿ ಬೀಳೂದಕ್ಕ ಕಾಯೂದಿಲ್ಲ. ತಾನ ಹೊತ್ತತೈತಿ. ಪಿಸ್ಟನ್ ಮ್ಯಾಲ ಸುತ್ತಿಗಿಲೆ ಹೊಡದಂಗ ಹೊಡೀತೈತಿ. ಒಮ್ಮೆ ತೂತ ಬಿತ್ತಂದ್ರ ಸುಡೂ ಎಣ್ಣಿ ಎಲ್ಲಿ ಬರತೈತಿ ಗೊತ್ತೇನು? ನಿನ್ನ ಕಡೆ."

ಹಾಗಿದ್ದೂ ನಾನು ಮುಟ್ಟಿದೆ. ಒಂದು ಬಟ್ಟೆ ಗಿರಣಿಯ ಮಾಲೀಕರ ಮಗ, ವಿದೇಶಿ ಕಾರಿನವನು, ಹಿಂದಿನ ರೇಸಿನಲ್ಲಿ ನನ್ನ ಗಾಡಿಯನ್ನು ತೋರಿಸಿ "ಯೇ ಟ್ಯಾಕ್ಸಿ ಕಿಸಕೀ ಹೈ?" ಎಂದು, ಈ ಟ್ಯಾಕ್ಸಿ ಯಾರದೆಂದು, ಎಲ್ಲರೆದುರು ಕೇಳಿದ್ದ. ಈ ಸಲದ ರೇಸಿನ ಹಿಂದಿನ ದಿನ ಕಾರನ್ನು ಮನೆಗೆ ತಂದಿದ್ದೆ. ಬಿಲ್ಡಿಂಗಿನ ಹಿಂದೆ ಬಾನೆಟ್ ಎತ್ತಿ ಆ ಸ್ಕ್ರೂವನ್ನು ಒಂದೂವರೆ ಸುತ್ತು ಬಿಗಿದೆ. ಒಡೆದ ಬಣ್ಣದ ಮೇಲೆ ಹೆಂಡತಿಯ ಉಗುರಿನ ಬಣ್ಣ ಬಳಿದೆ.

ಮರುದಿನ ಬೆಳಿಗ್ಗೆ ಜುಹೂನಲ್ಲಿ ಗುರುಸಿದ್ದಣ್ಣ ಬಾನೆಟ್ ತೆಗೆದು ಬಹಳ ಹೊತ್ತು ಬಾಗಿ ನಿಂತಿದ್ದರು.

"ಏನರೆ ಮುಟ್ಟಿಯೇನು ತಮ್ಮಾ?"

"ಇಲ್ರಿ."

"ಖರೇನ?"

"ಇಲ್ರಿ ಅಣ್ಣಾ."

ಅವರು ಬಾನೆಟ್ ಮುಚ್ಚಿ, ಬಂದು ಪಕ್ಕದಲ್ಲಿ ಕೂತರು. ರೇಸಿಗೆ ಮುಂಚಿನ ಅಭ್ಯಾಸದ ಓಟದಲ್ಲಿ ಮೆಕ್ಯಾನಿಕ್ಕು ಜೊತೆಗಿರಬಹುದಿತ್ತು. ಗಿರಣಿಯವರ ಮಗನ ಕಾರು ನಮ್ಮ ಬದಿಗೇ ಬಂದು ನಿಂತಿತು.

ಎರಡೂ ಕಾರು ಒಟ್ಟಿಗೆ ಹೊರಟವು. ಅರ್ಧ ಪಟ್ಟಿ ಮುಗಿಯುವಷ್ಟರಲ್ಲಿ ನಾನು ಅವನ ಬಾಗಿಲ ಸಮಕ್ಕೆ ಬಂದಿದ್ದೆ. "ಐದು... ಆರು... ಏಳು. ಬಿಡು" ಎಂದರು ಗುರುಸಿದ್ದಣ್ಣ. ನಾನು ಬಿಡಲಿಲ್ಲ. "ಎಂಟು. ತಮ್ಮಾ, ಬಿಡು." ಅವರು ಕೂಗಲಿಲ್ಲ. "ಒಂಬತ್ತೂವರಿ" ಎಂದು ಅದೇ ದನಿಯಲ್ಲಿ ಹೇಳಿದರು. ಆಗ ಕಬ್ಬಿಣದ ಡಬ್ಬಿಯಲ್ಲಿ ಕಲ್ಲು ಕುಲುಕಿದಂಥ ಸದ್ದು ಶುರುವಾಯಿತು. ಕಾಲು ತೆಗೆದೆ. ಹೊತ್ತು ಮೀರಿತ್ತು.

ಧಡ್ ಎಂದಿತು. ಗಾಜಿನ ತುಂಬ ಎಣ್ಣೆ, ಮುಂದೇನೂ ಕಾಣದು. ಕೆಂಪಗೆ ಕಾದ ಟರ್ಬೊದ ಮೇಲೆ ಎಣ್ಣೆ ಸುರಿದು ಹೊತ್ತಿಕೊಂಡಿತ್ತು. ಪೈಪುಗಳಿಗೆಂದು ಕೊರೆದ ತೂತಿನಿಂದ ಬೆಂಕಿ ಅವರ ಕಾಲ ಬಳಿಗೆ ನುಗ್ಗಿತು. ಎಂಜಿನ್ನಿಗೆ ಪೆಟ್ರೋಲು ಹಾಯಿಸಲು ಅವರು ಕೂರಿಸಿದ್ದ ಪಂಪಿನ ಸ್ವಿಚ್ಚು ಅಲ್ಲೇ ಕೆಳಗಿತ್ತು. ನಾನು ಬ್ರೇಕಿನ ಮೇಲೆ ನಿಂತಿದ್ದಾಗ ಅವರು ಆ ಬೆಂಕಿಯೊಳಗೆ ಬಲಗೈ ಹಾಕಿ ಸ್ವಿಚ್ಚು ಹುಡುಕಿ ಆರಿಸಿದರು. ಪೆಟ್ರೋಲು ಹರಿಯುತ್ತಲೇ ಇದ್ದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ.

ಜನ ಮರಳು ಹೊತ್ತು ಓಡಿಬಂದರು. ರೇಸು ನಡೆಸುವವರು ಏನಾಯಿತು ಎಂದು ಕೇಳಿದರು. ಗುರುಸಿದ್ದಣ್ಣ ಪಟ್ಟಿಯ ಅಂಚಿನಲ್ಲಿ ಕೂತಿದ್ದರು, ಕೈಗೆ ಯಾರದೋ ಒದ್ದೆ ಅಂಗಿ ಸುತ್ತಿತ್ತು. "ಮೇರಾ ಹೀ ಗಲತೀ, ಸಾಬ್. ಸ್ಪ್ರಿಂಗ್ ಟೈಟ್ ಕಿಯಾ ಥಾ" ಎಂದು, ಸ್ಪ್ರಿಂಗ್ ಬಿಗಿದ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು. ನಾನು ಅಲ್ಲೇ ನಿಂತಿದ್ದೆ.

ಎರಡು ಬೆರಳು ಮತ್ತೆ ನೆಟ್ಟಗಾಗಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾತು. ಸಾಂತಾಕ್ರೂಜಿನ ಆ ಮುದುಕನ ಕೈಗೆ ಗಾಡಿ ಕೊಟ್ಟರೆ ಬೆಂಕಿ ಎಂದು ಸುದ್ದಿ ಹಬ್ಬಿತು. ರೇಸಿನವರು ಬರುವುದು ನಿಂತಿತು, ಆಮೇಲೆ ಟ್ಯಾಕ್ಸಿಯವರದೂ. ಅವರು ಆಸ್ಪತ್ರೆಯಲ್ಲಿದ್ದಾಗ ದಿನಾ ಹೋಗುತ್ತಿದ್ದ ನಾನು ಆಮೇಲೆ ಗ್ಯಾರೇಜಿಗೆ ಹೋಗುವುದನ್ನು ಬಿಟ್ಟೆ. ಲೋಕಲ್ ರೈಲು ಸಾಂತಾಕ್ರೂಜಿನಲ್ಲಿ ನಿಂತಾಗ ಪೇಪರಿನಲ್ಲಿ ಮುಖ ಇಟ್ಟುಕೊಳ್ಳುತ್ತಿದ್ದೆ.

ಎಂಟು ತಿಂಗಳ ಮೇಲೆ ಒಂದು ಸಂಜೆ ಅಲ್ಲಿ ಇಳಿದು ಗ್ಯಾರೇಜಿಗೆ ಹೋದೆ. ಗುರುಸಿದ್ದಣ್ಣ ಒಬ್ಬರೇ ಸ್ಟೂಲಿನ ಮೇಲೆ ಕೂತು ಎಡಗೈಯಲ್ಲಿ ಕಾರ್ಬ್ಯುರೇಟರ್ ತೊಳೆಯುತ್ತಿದ್ದರು. ನಿಂತೇ ಹೇಳಿದೆ: "ಅಣ್ಣಾ, ಸ್ಕ್ರೂ ತಿರಿವಿದಾಂವ ನಾನ."

"ಗೊತ್ತೈತಿ. ಬಣ್ಣ ಬ್ಯಾರೆ ಇತ್ತು."

"ಯಾವಾಗ ನೋಡಿದ್ರಿ?"

"ಅವತ್ತ ಮುಂಜಾನೆ, ಬಾನೆಟ್ ತಗದಾಗ."

"ಮತ್ತ ಯಾಕ ಕುಂತ್ರಿ ಗಾಡ್ಯಾಗ?"

ಅವರು ಕಾರ್ಬ್ಯುರೇಟರನ್ನು ಕೆಳಗಿಟ್ಟರು. "ನಾ ಕುಂತ್ರ ನೀ ಹೇಳ್ತಿ ಅಂತ ತಿಳದೆ. ಇಲ್ಲಾ ಏಳಕ್ಕ ಬಿಡ್ತಿ ಅಂತ. ಅದು ನನ್ನ ಲೆಕ್ಕ ತಪ್ಪಿದ್ದು. ಅದಕ್ಕ ನನ್ನ ತಪ್ಪು ಅಂದೆ."

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ರೇಸಿನವರಿಗೆಲ್ಲ ನಿಜ ಹೇಳಲೇ ಎಂದು ಕೇಳಿದೆ. "ಅದನ್ನ ನನಗ ಕೇಳಬ್ಯಾಡ" ಎಂದರು. ಚಹಾ ತರಿಸಿದರು. ಕುಡಿದು ಎದ್ದೆ.

ಮುಂದಿನ ರೇಸು ಎರಡು ತಿಂಗಳ ಮೇಲೆ ಇತ್ತು. ಅಲ್ಲಿಗೆ ಹೋಗಿ ಗಿರಣಿಯವರ ಮಗನೂ ಸೇರಿ ಎಲ್ಲರೆದುರು ಹೇಳಿದೆ. ಯಾರೂ ಬೈಯಲಿಲ್ಲ. ಒಬ್ಬೊಬ್ಬರಾಗಿ ತಂತಮ್ಮ ಕಾರಿನ ಕಡೆ ಹೋದರು. ಅದನ್ನು ತಿಳಿಸಲು ಅಂದೇ ಸಾಂತಾಕ್ರೂಜಿಗೆ ಹೋದರೆ ಗ್ಯಾರೇಜಿನಲ್ಲಿ ಸೈಕಲ್ ರಿಪೇರಿಯವನೊಬ್ಬ ಕೂತಿದ್ದ. "ಬಡೇ ಮಿಸ್ತ್ರೀ? ಗಾಂವ್ ಗಯೇ. ತೀನ್ ಹಫ್ತೇ ಹೋ ಗಯೇ" ಎಂದ. ಅವರು ಊರಿಗೆ ಹೋಗಿ ಮೂರು ವಾರವಾಗಿತ್ತು; ಊರಿನ ವಿಳಾಸ ಅವನಿಗೆ ಗೊತ್ತಿರಲಿಲ್ಲ. ಅಷ್ಟು ದಿನ ಅವರ ಜೊತೆಗಿದ್ದ ನಾನೂ ಕೇಳಿಟ್ಟುಕೊಂಡಿರಲಿಲ್ಲ.