ಅಪ್ಪ ಹತ್ತಿದರೆ ನಿಲ್ಲುವ ಕಾರು

ಅವಳ ಕೈಯಲ್ಲಿ ಸದಾ ಒಂದು ಪುಟ್ಟ ಬಲ್ಬು ಇರುತ್ತಿತ್ತು. ಬಲ್ಬಿಗೆ ಎರಡು ತಂತಿ, ತಂತಿಗಳ ತುದಿಗೊಂದು ಕ್ಲಿಪ್ಪು. ಕಾರಿನ ಯಾವ ತಂತಿಯಲ್ಲಿ ಕರೆಂಟಿದೆ, ಯಾವುದರಲ್ಲಿ ಇಲ್ಲ ಎಂದು ನೋಡಲು ಅಷ್ಟು ಸಾಕು. ಅದರಿಂದಲೇ ಅವಳು ಎಲ್ಲರ ಬಾಯಲ್ಲೂ ಲ್ಯಾಂಪಕ್ಕ ಆದಳು.

ಅವಳ ಅಪ್ಪ ಮನೆಯ ಮುಂದಿನ ಕೋಣೆಯಲ್ಲೇ ಸ್ಟಾರ್ಟರ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ಮನೆಯ ಪರದೆ, ಹಾಸಿಗೆ, ಅನ್ನಕ್ಕೂ ತಂತಿಗೆ ಬಳಿಯುವ ವಾರ್ನಿಷ್ ವಾಸನೆ. ಅಪ್ಪನ ಕೈ ನಡುಗತೊಡಗಿದಾಗ ಅವನು ಹೇಳುವುದು, ಇವಳು ಸುತ್ತುವುದು ಎಂದಾಯಿತು. ಅಣ್ಣ ಎಂಜಿನ್ ಕೆಲಸ ಕಲಿತು ಗ್ಯಾರೇಜು ತೆರೆದಾಗ ವೈರಿಂಗ್ ಕೆಲಸವೆಲ್ಲ ತಾನಾಗಿಯೇ ಇವಳ ಪಾಲಿಗೆ ಬಂತು. ನಡುವೆ ಒಂದೆರಡು ಸಲ ಮದುವೆಯ ಮಾತೂ ಬಂದಿತ್ತು. "ಹುಡುಗಿ ಕೈ ನೋಡಿದ್ರಾ, ಎಣ್ಣೆ ಮಸಿ" ಎಂದು ಬಂದವರು ಪಿಸುಗುಟ್ಟಿದ್ದು ಅವಳ ಕಿವಿಗೂ ಬಿದ್ದಿತ್ತು. ಅದಕ್ಕಾಗಿ ಅವಳು ಕೊರಗಿದ್ದನ್ನು ಮಾತ್ರ ಯಾರೂ ಕಾಣರು.

ಅಣ್ಣ ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳಬಲ್ಲವನು. ಆದರೆ ಬಂದು ಹೋಗುವ ತೊಂದರೆ ಎಂದರೆ ಅವನಿಗೆ ಮೈಯೆಲ್ಲ ಉರಿ. "ಕೆಟ್ರೆ ಪೂರ್ತಿ ಕೆಡಬೇಕು ಕಣೇ. ಇದೇನಿದು, ಮಾವನ ಮನೆಗೆ ಬಂದ ಅಳಿಯನ ಥರ! ಯಾವಾಗ ಬರ್ತಾನೋ, ಯಾವಾಗ ಎದ್ದು ಹೋಗ್ತಾನೋ" ಎಂದು ಗೊಣಗಿ ಅಂಥ ಕಾರುಗಳನ್ನೆಲ್ಲ ತಂಗಿಯ ಕಡೆಗೆ ತಳ್ಳುತ್ತಿದ್ದ.

ಔಷಧಿ ಅಂಗಡಿ ನಡೆಸುವ ಹೆಂಗಸಿನ ಬೂದು ಬಣ್ಣದ ಕಾರು ಬಂದದ್ದೂ ಹಾಗೆಯೇ. ಓಡುತ್ತಾ ಓಡುತ್ತಾ ಸದ್ದಿಲ್ಲದೆ ಆರಿಹೋಗುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗದವರ ಹಾಗೆ ಮತ್ತೆ ಸ್ಟಾರ್ಟ್ ಆಗುತ್ತದೆ. ಬೇರೆ ಕಡೆ ಪ್ಲಗ್ಗು, ಕಾಯಿಲು, ಪೆಟ್ರೋಲ್ ಪಂಪು ಎಲ್ಲ ಬದಲಾಯಿಸಿದ್ದರು. ಕಂಪ್ಯೂಟರ್ ಹಾಕಿ ನೋಡಿದವರು ತಪ್ಪೇ ಇಲ್ಲ ಎಂದಿದ್ದರು.

ಲ್ಯಾಂಪಕ್ಕ ಕಾರನ್ನು ಹಳ್ಳದ ರಸ್ತೆಯಲ್ಲಿ ಓಡಿಸಿದಳು, ಬಿಸಿಲಲ್ಲಿ ನಿಲ್ಲಿಸಿ ಎಂಜಿನ್ ಕಾಯಿಸಿದಳು, ನೀರು ಚಿಮುಕಿಸಿದಳು, ಕೈಗೆ ಸಿಕ್ಕ ಒಂದೊಂದು ತಂತಿಯನ್ನೂ ಹಿಡಿದು ಅಲ್ಲಾಡಿಸಿದಳು. ಕಾರು ಒಮ್ಮೆಯೂ ಕೆಮ್ಮಲಿಲ್ಲ. ಕೊನೆಗೆ ಬ್ಯಾಟರಿಯ ಕೆಳಗೆ ತುಕ್ಕು ಹಿಡಿದ ಅರ್ತ್ ತಂತಿ ಕಣ್ಣಿಗೆ ಬಿತ್ತು. ಅದನ್ನು ಉಜ್ಜಿ ಬಿಗಿದು, "ಇದೇ ಇರಬೇಕು ಮೇಡಂ" ಎಂದು ಕೊಟ್ಟು ಕಳಿಸಿದಳು.

ಅದಲ್ಲ. ವಾರ ಕಳೆಯುವುದರೊಳಗೆ ಔಷಧಿ ಅಂಗಡಿಯಾಕೆ ಮುಖ ಕೆಂಪಗೆ ಮಾಡಿಕೊಂಡು ಮತ್ತೆ ಬಂದಳು. "ನಾಲ್ಕು ರಸ್ತೆ ಸೇರೋ ಕಡೆ ಮಧ್ಯದಲ್ಲೇ ನಿಂತುಬಿಡ್ತು ಅಕ್ಕಾ. ಹಿಂದಿನಿಂದ ಎಲ್ಲರೂ ಹಾರ್ನ್ ಹೊಡೆದು ಬೈಯ್ತಾರೆ. ಇನ್ನು ಈ ಗಾಡಿ ಮಾರಿ ಕೈ ತೊಳ್ಕೊಳ್ತೀನಿ."

"ತಪ್ಪು ನಂದೇ, ಬೇಗ ಖುಷಿಪಟ್ಟುಬಿಟ್ಟೆ" ಎಂದಳು ಲ್ಯಾಂಪಕ್ಕ. ಸ್ಟೂಲು ಎಳೆದು ಕೊಟ್ಟು, ತಾನು ಹಳೆ ಟೈರಿನ ಮೇಲೆ ಕೂತು ಕೇಳಿದಳು. "ಆಗ ಗಾಡೀಲಿ ಯಾರ್ಯಾರಿದ್ರಿ?"

"ನಾನು, ಅಪ್ಪ."

"ಅದಕ್ಕೆ ಮುಂಚೆ ನಿಂತಾಗ?"

ಆಕೆ ತಡವರಿಸಿದಳು. ಆಮೇಲೆ ನಾಚಿಕೆಯ ನಗೆ ನಕ್ಕಳು. "ಆಗ್ಲೂ ಅಪ್ಪ ಇದ್ರು. ಅವರಿದ್ದಾಗಲೇ ಜಾಸ್ತಿ. ಅವರನ್ನ ಇಳಿಸಿ ನೆರಳಲ್ಲಿ ಕೂರಿಸಿದ ಮೇಲೆ ಸ್ಟಾರ್ಟ್ ಆಗುತ್ತೆ. ಮನೇಲಿ ಮಕ್ಕಳು ತಮಾಷೆ ಮಾಡ್ತಾರೆ, ತಾತ ಹತ್ತಿದ್ರೆ ಗಾಡಿ ಮುನಿಸ್ಕೊಳ್ಳುತ್ತೆ ಅಂತ. ಇದನ್ನೆಲ್ಲ ಗ್ಯಾರೇಜಲ್ಲಿ ಹೇಳೋಕಾಗುತ್ತಾ, ನಗ್ತೀರಿ ಅಂತ ಸುಮ್ನಿದ್ದೆ."

ಎಂಜಿನ್ನಿನೊಳಗೆ ತಲೆ ಹಾಕಿದ್ದ ಅಣ್ಣ ನಿಜವಾಗಿಯೂ ನಕ್ಕ. ಲ್ಯಾಂಪಕ್ಕ ನಗಲಿಲ್ಲ. "ಅವರನ್ನ ಕರ್ಕೊಂಡು ಬನ್ನಿ ಮೇಡಂ."

"ಬರಲ್ಲ ಅಕ್ಕಾ. ಮೊನ್ನೆ ನಿಂತಾಗಿನಿಂದ ಎಲ್ಲಿಗೂ ಬರಲ್ಲ. ಮಂಡಿಗೆ ವ್ಯಾಯಾಮ ಮಾಡಿಸೋ ಕಡೆಗೂ ಹೋಗೋದು ಬಿಟ್ಟಿದ್ದಾರೆ."

ಹಾಗಾಗಿ ಲ್ಯಾಂಪಕ್ಕನೇ ಅವರ ಮನೆಗೆ ಹೋದಳು. ಔಷಧಿ ಅಂಗಡಿಯಾಕೆಯ ಅಪ್ಪ ಮುದ್ರಣಾಲಯದಲ್ಲಿ ಯಂತ್ರ ನಡೆಸಿ ನಿವೃತ್ತರಾದವರು, ಬಾಗಿಲು ತುಂಬುವಂಥ ಆಳು. ಕಿಟಕಿಯ ಪಕ್ಕದ ಮಂಚದಲ್ಲಿ ಕೂತಿದ್ದರು. ಒಂದು ಮಂಡಿ ಮಡಚಲಾಗದೆ ಕಾಲು ಮುಂದಕ್ಕೆ ಚಾಚಿತ್ತು. ಹೊರಗೆ ಹಾಕುವ ಚಪ್ಪಲಿ ಬಾಗಿಲ ಹಿಂದೆ ಮೂಲೆ ಸೇರಿತ್ತು.

"ನಾನು ಹತ್ತಿದ್ರೆ ಅದು ನಿಲ್ಲುತ್ತೆ ತಾಯಿ. ನನ್ನಿಂದ ಇನ್ನೊಬ್ರಿಗೆ ಯಾಕೆ ತೊಂದರೆ" ಎಂದರು.

"ನಿಲ್ಲಲಿ ಅಂತಲೇ ಕರೀತಿರೋದು ಯಜಮಾನ್ರೇ. ನಾನು ಎಷ್ಟು ಬೇಡಿಕೊಂಡ್ರೂ ಅದು ನಿಲ್ತಿಲ್ಲ."

ಅವರು ಅವಳನ್ನೇ ನೋಡಿದರು. "ಇಷ್ಟು ವಯಸ್ಸಿಗೆ ಗಾಡಿ ಕೆಡಿಸಿಕೊಡಿ ಅಂತ ಕರೆಯೋಕೆ ಬಂದವಳು ನೀನೇ ಮೊದಲು" ಎಂದು ಊರುಗೋಲಿಗೆ ಕೈ ಚಾಚಿದರು.

ಲ್ಯಾಂಪಕ್ಕ ಮೊದಲು ಹಿಂದಿನ ಸೀಟು ಎತ್ತಿ, ಅದರಡಿಯಲ್ಲಿದ್ದ ಪೆಟ್ರೋಲ್ ಪಂಪಿಗೆ ಕರೆಂಟ್ ತರುವ ತಂತಿಗೆ ತನ್ನ ಬಲ್ಬನ್ನು ಜೋಡಿಸಿದಳು. ಉದ್ದ ತಂತಿ ಎಳೆದು ಬಲ್ಬನ್ನು ಸ್ಟೀರಿಂಗಿನ ಮುಂದೆ, ಎಲ್ಲರಿಗೂ ಕಾಣುವ ಹಾಗೆ ಅಂಟಿಸಿದಳು. ಸೀಟು ಮತ್ತೆ ಕೂರಿಸಿ, "ಯಾವಾಗ್ಲೂ ಹೇಗೆ ಕೂರ್ತಿದ್ರೋ ಹಾಗೇ ಕೂತ್ಕೊಳ್ಳಿ" ಎಂದಳು. ಅವರು ಬೆನ್ನು ಮೊದಲು ಒಳಗಿಟ್ಟು, ಅಂಗೈ ಸೀಟಿಗೆ ಒತ್ತಿ, ಚಾಚಿದ ಕಾಲಿಗೆ ಜಾಗ ಮಾಡಿಕೊಳ್ಳಲು ಬಾಗಿಲ ಕಡೆಗೆ ಪೂರ್ತಿ ವಾಲಿ ಕೂತರು. ಮಗಳು ಅವರ ಪಕ್ಕ ಕೂತಳು.

ಲ್ಯಾಂಪಕ್ಕ ಸ್ಟೀರಿಂಗ್ ಹಿಡಿದಳು, ಕಾರು ಹೊರಟಿತು. ನೇರ ರಸ್ತೆಯಲ್ಲಿ ಬಲ್ಬು ಉರಿಯುತ್ತಲೇ ಇತ್ತು. ಶಾಲೆಯ ಹಿಂದಿನ ತಿರುವಿನಲ್ಲಿ ಅಪ್ಪನ ಮೈಭಾರವೆಲ್ಲ ಬಾಗಿಲ ಕಡೆಗೆ ಸರಿದಾಗ ಬಲ್ಬು ಕಣ್ಣು ಮಿಟುಕಿಸಿತು, ಆಮೇಲೆ ಆರಿತು. ಅದರ ಹಿಂದೆಯೇ ಎಂಜಿನ್ನೂ ಆರಿತು.

"ನೋಡು, ನಾನು ಹೇಳ್ಲಿಲ್ವಾ" ಎಂದರು ಅಪ್ಪ, ಸೋತ ದನಿಯಲ್ಲಿ.

"ಹಾಗೇ ಇರಿ ಯಜಮಾನ್ರೇ! ಅಲ್ಲಾಡಬೇಡಿ!" ಲ್ಯಾಂಪಕ್ಕನ ದನಿಯಲ್ಲಿ ಎಂಥ ಸಂತೋಷವಿತ್ತೆಂದರೆ ತಂದೆ ಮಗಳು ಇಬ್ಬರೂ ಬೆಚ್ಚಿದರು. ಅವಳು ಕಾರನ್ನು ಪಕ್ಕಕ್ಕೆ ಉರುಳಿಸಿ ನಿಲ್ಲಿಸಿ, ಇಳಿದು ಹಿಂದಿನ ಬಾಗಿಲು ತೆರೆದಳು. ಮಂಡಿಯೂರಿ ಕಾರ್ಪೆಟ್ಟಿನ ಅಡಿಗೆ ಕೈ ತೂರಿಸಿ ಸೀಟಿನ ಅಂಚಿನವರೆಗೂ ತಡವಿದಳು. ಒಂದು ಕಡೆ ಬೆರಳಿಗೆ ಸಿಕ್ಕಿತು: ತಂತಿಯ ಕಟ್ಟು, ಅದರ ಮೇಲೆ ಸೀಟಿನ ಕಬ್ಬಿಣದ ಚೌಕಟ್ಟು, ಅದರ ಮೇಲೆ ಯಜಮಾನರು.

"ಈಗ ಸ್ವಲ್ಪ ಮೇಲೇಳಿ." ಅವರು ಅಂಗೈ ಊರಿ ಎದ್ದರು. ಬಲ್ಬು ಹೊತ್ತಿತು. "ಕೂತ್ಕೊಳ್ಳಿ." ಆರಿತು. ಅವರು ಹೇಳಿಸಿಕೊಳ್ಳದೆ ಇನ್ನೊಮ್ಮೆ ಎದ್ದು ಕೂತರು. ಬಲ್ಬು ಅವರ ಮಾತು ಕೇಳಿತು. ಮುದುಕರ ಗಂಟಲಿನಿಂದ ನಗುವಿನಂಥದ್ದೇನೋ ಹೊರಬಂತು.

ಯಾವಾಗಲೋ ಸೀಟಿಗೆ ಹೊಸ ಬಟ್ಟೆ ಹೊಲಿಸಿದಾಗ, ಮತ್ತೆ ಕೂರಿಸಿದವರು ತಂತಿಯನ್ನು ಅದರ ಕ್ಲಿಪ್ಪಿಗೆ ಸಿಕ್ಕಿಸದೆ ಬಿಟ್ಟಿದ್ದರು. ಗ್ಯಾರೇಜಿನಲ್ಲಿ ಕತ್ತರಿಸಿ ನೋಡಿದರೆ ಹೊರಗಿನ ಪ್ಲಾಸ್ಟಿಕ್ ಚೆನ್ನಾಗಿಯೇ ಇತ್ತು. ಒಳಗಿನ ತಾಮ್ರದ ಎಳೆಗಳು ಮಾತ್ರ ಬಹುಪಾಲು ತುಂಡಾಗಿದ್ದವು. ಸೀಟು ಎತ್ತಿದಾಗಲೆಲ್ಲ ತುದಿಗಳು ಮತ್ತೆ ತಾಗುತ್ತಿದ್ದುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮಗಳೊಬ್ಬಳೇ ಓಡಿಸುವಾಗ ಆ ಸೀಟಿನಲ್ಲಿ ಯಾರೂ ಇರುತ್ತಿರಲಿಲ್ಲ.

ಲ್ಯಾಂಪಕ್ಕ ಹೊಸ ತಂತಿ ಬೆಸುಗೆ ಹಾಕುತ್ತಿದ್ದಾಗ ಸ್ಟೂಲಿನ ಮೇಲೆ ಕೂತಿದ್ದ ಅಪ್ಪನ ಪಕ್ಕ ಮಗಳು ಬಂದು ನಿಂತಳು. "ಅಪ್ಪಾ, ಮಕ್ಕಳು ಸುಮ್ನೆ ತಮಾಷೆಗೆ ಅಂತಿದ್ವು. ನಾನೂ ನಕ್ಕುಬಿಡ್ತಿದ್ದೆ."

"ತಮಾಷೆ ಅಂತ ನನಗೂ ಗೊತ್ತಿತ್ತಮ್ಮ. ಆದ್ರೆ ಪ್ರತಿ ಸಲವೂ ನಿಲ್ತಿತ್ತಲ್ಲ." ಊರುಗೋಲನ್ನು ಪಕ್ಕಕ್ಕಿಟ್ಟು ಹೇಳಿದರು, "ನಿಮ್ಮಮ್ಮ ಹೋದ ದಿನವೂ ಆಸ್ಪತ್ರೆಗೆ ನಾನೇ ತಡವಾಗಿ ತಲುಪಿದ್ದು. ಕೂತು ಕೂತು ಎಲ್ಲ ಒಂದಕ್ಕೊಂದು ಸೇರಿಕೊಳ್ತು, ಎಲ್ಲ ನನ್ನಿಂದಲೇ ಅನ್ನಿಸ್ತು."

ಮಗಳು ಅವರ ಹೆಗಲ ಮೇಲೆ ಕೈಯಿಟ್ಟಳು. ಅಣ್ಣ ಸ್ಪ್ಯಾನರ್ ಕೆಳಗಿಟ್ಟು, ಕೆಲಸವೇನೂ ಇಲ್ಲದಿದ್ದರೂ ಹೊರಗೆ ಹೋದ.

ಕಾರು ಆಮೇಲೆ ನಿಲ್ಲಲಿಲ್ಲ. ಅಪ್ಪ ಅಷ್ಟು ಸುಲಭಕ್ಕೆ ನಂಬಲಿಲ್ಲವಂತೆ. ಮೊದಲ ಕೆಲವು ಸಲ ಪ್ರತಿ ತಿರುವಿನಲ್ಲೂ ಅಂಗೈ ಊರಿ ಮೈ ಎತ್ತಿಕೊಂಡೇ ಕೂರುತ್ತಿದ್ದರಂತೆ. ಬರಬರುತ್ತಾ ಅದನ್ನೂ ಮರೆತರು. ವ್ಯಾಯಾಮಕ್ಕೆ ಹೋದರು, ಹಳೆಯ ಮುದ್ರಣಾಲಯದ ಗೆಳೆಯರ ಮನೆಗೂ ಹೋದರು.

ಈಗ ಅಣ್ಣ, "ಗಾಡೀಲಿ ಯಾರಿದ್ರು, ಎಲ್ಲಿ ಕೂತಿದ್ರು" ಎಂದು ಗಿರಾಕಿಗಳನ್ನು ತಾನೇ ಕೇಳುತ್ತಾನೆ; ಆ ಪ್ರಶ್ನೆ ತನ್ನದೇ ಎಂಬಂತೆ. ಲ್ಯಾಂಪಕ್ಕ ತಿದ್ದಲು ಹೋಗುವುದಿಲ್ಲ. ಹಾಗೆಂದು ಅವಳಿಗೆ ಎಲ್ಲವೂ ಸಿಗುತ್ತದೆಂದಲ್ಲ. ಕಳೆದ ಚಳಿಗಾಲದಲ್ಲಿ ಬಂದ ಹಸಿರು ಕಾರೊಂದು, ಮುಂಜಾನೆ ಮಾತ್ರ ದೀಪ ಮಂಕಾಗುವಂಥದ್ದು, ಅವಳ ಎಲ್ಲ ವಿದ್ಯೆಯನ್ನೂ ಅರಗಿಸಿಕೊಂಡು ಕೂತಿತು. "ನನಗೆ ಸಿಗಲಿಲ್ಲ ಸಾರ್" ಎಂದು ನೇರವಾಗಿ ಹೇಳಿ ಕೀಲಿಕೈ ಹಿಂದಿರುಗಿಸಿದಳು. ಆ ಕಾರು ರಸ್ತೆಯಲ್ಲಿ ಎದುರಾದರೆ ಇವತ್ತಿಗೂ ನಿಂತು, ಮರೆಯಾಗುವವರೆಗೂ ಅದರ ಹಿಂದಿನ ದೀಪಗಳನ್ನೇ ನೋಡುತ್ತಾಳೆ.