ಅಳತೆಗೊಂದು ಸುತ್ತಿಗೆ

ಬಿರುಕಮ್ಮ ಎಂದರೆ ಊರಿಗೆಲ್ಲ ಗೊತ್ತು. ನೆಲದೊಳಗಿನ ಬಿರುಕು ಎಲ್ಲಿ ಹಾದುಹೋಗಿದೆ, ಅದು ಸತ್ತಿದೆಯೋ ಬರೀ ಮಲಗಿದೆಯೋ, ಎದ್ದರೆ ಯಾರ ಮನೆ ಬೀಳುತ್ತದೆ ಎಂದು ನೋಡಿ ಹೇಳುವುದೇ ಅವಳ ಉದ್ಯೋಗ. ಬಿರುಕಿಗೆ ಅಡ್ಡಲಾಗಿ ಆಳೆತ್ತರದ ಕಂದಕ ತೋಡಿಸಿ, ಒಳಗಿಳಿದು, ಕರಣೆಯಿಂದ ಗೋಡೆ ಕೆರೆದು, ಮಣ್ಣಿನ ಪದರ ಮುರಿದ ಕಡೆಯಲ್ಲೆಲ್ಲ ಮೊಳೆ ಹೊಡೆಯುತ್ತಿದ್ದಳು. ಫೋಟೋ ತೆಗೆಯುವ ಮುನ್ನ ಪಕ್ಕದಲ್ಲಿ ಸುತ್ತಿಗೆ ಇಡಲೇಬೇಕು. ಇಲ್ಲದಿದ್ದರೆ ಮುರಿದದ್ದು ಗೇಣುದ್ದವೋ ಮಾರುದ್ದವೋ ನೋಡಿದವರಿಗೆ ತಿಳಿಯುವುದಿಲ್ಲ. ಈ ಚಾಳಿಯನ್ನು ಹಿಡಿದು ತಂಗಿ ತನ್ನ ಮದುವೆಯ ದಿನವೇ ಕಾಲೆಳೆದಿದ್ದಳು: “ಅಕ್ಕಾ, ನನ್ನ ಪಕ್ಕಾನೂ ಒಂದು ಸುತ್ತಿಗೆ ಇಟ್ಬಿಡೇ. ಎಷ್ಟು ಕುಳ್ಳಿ ಅಂತ ಎಲ್ರಿಗೂ ಗೊತ್ತಾಗ್ಲಿ.” ಮದುಮಗನೂ ಬಿದ್ದು ಬಿದ್ದು ನಕ್ಕಿದ್ದ.

ತಾಯಿಯಿಲ್ಲದ ಆ ತಂಗಿಯನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದ್ದು ಇವಳೇ.

ಕೊನೆಗೆ ತಂಗಿಯ ಬೀದಿಯಲ್ಲೇ ಕಂದಕ ತೋಡುವ ಸರದಿ ಬಂತು. ತಂಗಿಯ ಗಂಡನಿಗೆ ದೂರದ ಊರಿಗೆ ವರ್ಗವಾಗಿ, ಅವನು ಆಗಲೇ ಹೋಗಿದ್ದ. ಮನೆ ಮಾರಿ ಅವಳೂ ಹೊರಡುವವಳಿದ್ದಳು, ಕೊಳ್ಳುವವರೂ ಸಿಕ್ಕಿದ್ದರು. ಎದುರಿನ ಖಾಲಿ ಸೈಟಿನಲ್ಲಿ ತೋಡಿದರೆ ಪದರಗಳು ಒಂದಲ್ಲ, ಮೂರು ಸಲ ಮುರಿದಿದ್ದವು. ಬಿರುಕು ಸತ್ತಿರಲಿಲ್ಲ, ನೆಟ್ಟಗೆ ತಂಗಿಯ ಹೊಸ್ತಿಲಿನತ್ತ ಹೊರಟಿತ್ತು.

ತಂಗಿ ಕಂದಕದ ಅಂಚಿಗೆ ಬಂದು ಕೂತಳು.

“ಅಕ್ಕಾ, ನಕ್ಷೇಲಿ ಬಿರುಕಿನ ಗೆರೆ ಸ್ವಲ್ಪ ಆಚೆ ಎಳೆದ್ರೆ ನಿನ್ನ ಗಂಟೇನು ಹೋಗುತ್ತೆ?”

“ಕೊಳ್ಳೋರಿಗೂ ಮಕ್ಕಳಿದಾರೆ ಕಣೇ. ಮನೆ ಹಾಳಾಗ್ಲಿ, ನೀನು ನಮ್ಮನೇಗೆ ಬಂದ್ಬಿಡು.”

“ನಿನ್ನ ಹೊಸ್ತಿಲು ತುಳಿದ್ರೆ ಕೇಳು!” ಎಂದು ತಂಗಿ ಸೆರಗು ಕೊಡವಿ ಎದ್ದುಹೋದಳು.

ಬಿರುಕಮ್ಮ ಗೆರೆಯನ್ನು ಇದ್ದಲ್ಲೇ ಎಳೆದಳು. ಕೊಳ್ಳುವವರು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗಿದರು. ಬೇರೆ ಯಾರಾದರೂ ಬಂದಾರೆಂದು ತಂಗಿ ಅದೇ ಮನೆಯಲ್ಲಿ ಒಬ್ಬಳೇ ಕಾದಳು. ಅಕ್ಕ ಎರಡು ಸಲ ಬಾಗಿಲು ತಟ್ಟಿದರೂ ತೆಗೆಯಲಿಲ್ಲ.

ಮಳೆಗಾಲ ಮುಗಿಯುತ್ತಿದ್ದಾಗ ಒಂದು ಮಧ್ಯಾಹ್ನ ನೆಲ ನಡುಗಿತು. ನಿಜ ಹೇಳಿದವರಿಗೆ ಒಳ್ಳೆಯದಾಗುತ್ತದಂತೆ! ಹಾಗೆಂದವರ ಬಾಯಿಗೆ ಮಣ್ಣು ಹಾಕಬೇಕು. ಸುಳ್ಳು ಹೇಳಿದ್ದರೆ ಆ ಮನೆಯಲ್ಲಿ ಬೇರೆಯವರು ಸಾಯುತ್ತಿದ್ದರು. ನಿಜ ಹೇಳಿದ್ದಕ್ಕೆ ತಂಗಿ ಸತ್ತಳು.

ಬಿರುಕಮ್ಮ ಬಂದಾಗ ಹೆಣವನ್ನು ಹೊರಗೆ ಬೀದಿಯಲ್ಲಿ ಮಲಗಿಸಿದ್ದರು. ಅವಳ ಕಣ್ಣು ಮೊದಲು ಬಿದ್ದದ್ದು ಹೊಸ್ತಿಲಿನ ಮೇಲೆ. ಕಲ್ಲು ನಡುವೆ ಸೀಳಿ, ಅರ್ಧ ಇಲ್ಲಿ, ಅರ್ಧ ಮೊಳದಾಚೆ ಬಿದ್ದಿತ್ತು. ಅವಳ ಗೆರೆ ಒಂದು ಬೆರಳೂ ತಪ್ಪಿರಲಿಲ್ಲ. ಕೈ ತಾನಾಗಿಯೇ ಚೀಲಕ್ಕೆ ಹೋಯಿತು. ಸೀಳಿನ ಪಕ್ಕ ಸುತ್ತಿಗೆ ಇಟ್ಟು, ಕ್ಯಾಮೆರಾ ಎತ್ತಿದಳು.

ಹಿಂದೆ, ರಜೆಗೆಂದು ಅಂದೇ ಬಸ್ಸಿಳಿದಿದ್ದ ತಂಗಿಯ ಗಂಡ ನಿಂತಿದ್ದ.

“ಅತ್ತಿಗೆ,” ಎಂದ ಅವನು, “ಅಲ್ಲಿ ಅವಳ ಪಕ್ಕಾನೂ ಒಂದು ಇಟ್ಬಿಡಿ. ಎಷ್ಟು ಕುಳ್ಳಿ ಅಂತ ಎಲ್ರಿಗೂ ಗೊತ್ತಾಗ್ಲಿ.”

ಬಿರುಕಮ್ಮ ಬಗ್ಗಿ ಸುತ್ತಿಗೆ ಎತ್ತಿಕೊಂಡಳು. ಫೋಟೋ ಆಗಲೇ ತೆಗೆದಾಗಿತ್ತು.