ಪೌಡರ್ ಹಾಕಿಕೊಂಡು ಬಂದವರು

ಹೋದ ವರ್ಷ ಸ್ತನ ಪರೀಕ್ಷೆಯ ನಮ್ಮ ವ್ಯಾನು ಕ್ಯಾಸಂಬಳ್ಳಿಯ ಹಾಲಿನ ಡೇರಿ ಮುಂದೆ ನಿಂತಿತ್ತು. ಎಕ್ಸ್‌ರೇ ತೆಗೆಯುವವಳು ನಾನು. ಮೊದಲು ಬಂದವರು ಮುನಿಯಮ್ಮ. ಅವರ ಚಿತ್ರ ನೋಡಿದೆ. ರಾಗಿ ಚೆಲ್ಲಿದ ಹಾಗೆ ಎಲ್ಲೆಲ್ಲೂ ಬಿಳಿ ಚುಕ್ಕಿ! ಕ್ಯಾನ್ಸರ್ ಶುರುವಾದಾಗಲೂ ಇಂಥ ಚುಕ್ಕಿ ಕಾಣುವುದುಂಟು. ಆಮೇಲೆ ಘಮಘಮ ವಾಸನೆ ಮೂಗಿಗೆ ಬಡಿಯಿತು.

“ಪೌಡರ್ ಹಾಕಿದ್ದೀರಾ ಅಮ್ಮ?”

“ಊನಮ್ಮ. ಡಾಕ್ಟ್ರ ತಾವ ಸಗಣಿ ವಾಸ್ನೇಲಿ ಬರಕ್ಕಾಯ್ತದಾ? ಸ್ನಾನ ಮಾಡಿ ಮೈಗೆಲ್ಲಾ ಬಳ್ಕೊಂಡ್ ಬಂದಿದ್ದೀನಿ!”

ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳಲು ಹೇಳಿ ಮತ್ತೆ ತೆಗೆದೆ. ಚುಕ್ಕಿಗಳು ಮಾಯವಾದವು, ಒಂದು ಮೂಲೆಯವು ಮಾತ್ರ ಹೋಗಲಿಲ್ಲ. ಕೈಗೆ ಸಿಗದಷ್ಟು ಸಣ್ಣ ಕ್ಯಾನ್ಸರ್ ಅದು ಅಂತ ಆಮೇಲೆ ದೊಡ್ಡಾಸ್ಪತ್ರೆಯಲ್ಲಿ ಗೊತ್ತಾಯಿತು. ಬೇಗ ಸಿಕ್ಕಿದ್ದಕ್ಕೆ ಸಣ್ಣ ಆಪರೇಷನ್ನಿನಲ್ಲೇ ಮುಗಿಯಿತು.

ಈ ವರ್ಷ ಹೋದರೆ ಮುನಿಯಮ್ಮನೇ ವ್ಯಾನಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಮೂಸಿ ಒಳಗೆ ಬಿಡುತ್ತಿದ್ದರು. “ವಾಸ್ನೆ ಬತ್ತೈತೆ, ಓಗ್ ತೊಳ್ಕೊಂಡ್ ಬಾರೇ!” ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವರೂ ಅಷ್ಟು ಕಟ್ಟುನಿಟ್ಟಿಲ್ಲ. ನನಗೋ, ಸ್ವಂತ ಮಗಳು ಫಸ್ಟ್ ಕ್ಲಾಸಿನಲ್ಲಿ ಪಾಸಾದಷ್ಟು ಹೆಮ್ಮೆ.

ಕೊನೆಗೆ ನನ್ನನ್ನೂ ಮೂಸಿದರು. “ನೀನೂ ಬಳ್ಕೊಂಡಿದ್ದೀಯಲ್ಲಮ್ಮ. ನಿಂದು ಯಾವತ್ತು ತೆಗ್ಸದು?”

ಮಾರನೇ ದಿನ ನಾನು ಪೌಡರ್ ಹಾಕದೆ ಕೆಲಸಕ್ಕೆ ಹೋದೆ.